ಕಡಲೂರಿನಲ್ಲೊಂದು ಗೃಹಪ್ರವೇಶ

ಕ್ವೇಕರ್ಸ್ ಹಿಲ್

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರೆಲ್ಲ ಕಾಂಗರೂ ನೋಡಿದೆವು, ಒಪೆರಾ ಹೌಸ್ ನೋಡಿದೆವು ಎನ್ನುತ್ತಾರೆ. ನಾನು ನೋಡಿದ್ದು ಮನೆಗಳನ್ನು. ಅದೂ ಕಾರಿನ ಕಿಟಕಿಯಿಂದ. ನನ್ನ ತಮ್ಮ ರಘು ಸಿಡ್ನಿಯ ಕ್ವೇಕರ್ಸ್ ಹಿಲ್ ಎಂಬ ಬಡಾವಣೆಯಲ್ಲಿದ್ದಾನೆ. ಏರ್‌ಪೋರ್ಟಿನಿಂದ ನನ್ನನ್ನು ಕರೆದುಕೊಂಡು ಬರುವಾಗಲೇ ಶುರುಹಚ್ಚಿಕೊಂಡ. "ಅಕ್ಕ, ಆ ಮೂಲೆ ಮನೆ ನೋಡು, ಹೋದ ತಿಂಗಳು ಸೇಲ್ ಆಯ್ತು. ಎಡಗಡೇದು ನೋಡು, ಡಬಲ್ ಗ್ಯಾರೇಜು. ಇದೇ ಮನೆ ಕೆಲ್ಲಿವಿಲ್‌ನಲ್ಲಿ ಮೆಟ್ರೋ ಪಕ್ಕ ಇದ್ದಿದ್ರೆ ಕಥೆನೇ ಬೇರೆ." ಇಡೀ ರಾತ್ರಿ ವಿಮಾನದಲ್ಲಿ ಕಾಲು ಮಡಚಿಕೊಂಡು ಕೂತು ಬಂದ ಹೆಂಗಸಿಗೆ ಆಗ ಬೇಕಾಗಿದ್ದುದು ಒಂದು ಲೋಟ ಕಾಫಿ, ಒಂದು ಬಚ್ಚಲುಮನೆ. ಹೇಳಿದೆ. "ಬಾತ್‌ರೂಮು ನಮ್ಮನೇಲಿ ಎರಡೂವರೆ ಇದೆ" ಎಂದ. ಆ ಅರ್ಧದಲ್ಲಿ ಏನು ಮಾಡುತ್ತೀರಿ ಎಂದು ಕೇಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಮೈಸೂರಿನಲ್ಲಿ ನಾನು ಹೊಲಿಗೆ ಕ್ಲಾಸು ನಡೆಸುತ್ತೇನೆ. ನಮ್ಮ ಬೀದಿಯಲ್ಲಿ ಯಾರಾದರೂ ಎದುರಾದರೆ ತಿಂಡಿ ಆಯ್ತಾ ಎನ್ನುತ್ತಾರೆ. ರಘುವಿನ ಕನ್ನಡ ಬಳಗದಲ್ಲಿ ಎದುರಾದರೆ "ಶನಿವಾರ ಯಾವ ಆಕ್ಷನ್‌ಗೆ ಹೋಗಿದ್ರಿ?" ಎನ್ನುತ್ತಾರೆ. ಅಲ್ಲಿ ಮನೆಗಳನ್ನು ಬೀದಿಯಲ್ಲೇ ಹರಾಜು ಹಾಕುತ್ತಾರೆ. ಕೊಳ್ಳುವವರು ನಾಲ್ಕು ಜನ, ನೋಡಿ ಹೊಟ್ಟೆ ಉರಿದುಕೊಳ್ಳುವವರು ನಲವತ್ತು ಜನ. ಇರುವ ಮನೆಯ ಸಾಲವೇ ತೀರದಿದ್ದರೂ ರಘುವಿಗೆ ಎರಡನೆಯ ಮನೆಯ ಹುಚ್ಚು ಹಿಡಿದಿತ್ತು. ಅದಕ್ಕೆ ಇನ್ವೆಸ್ಟ್‌ಮೆಂಟ್ ಎಂಬ ಮರ್ಯಾದೆಯ ಹೆಸರಿಟ್ಟಿದ್ದ.

ಜನವರಿಯಲ್ಲಿ ರಘುವಿನ ಮಗಳು ಅನಿಕಾಳಿಗೆ ಶಾಲೆಗೆ ರಜೆ. ಸಿಡ್ನಿಯಿಂದ ಮೆಲ್ಬರ್ನಿಗೆ ಸಮುದ್ರದ ದಂಡೆ ಹಿಡಿದು ಕಾರಿನಲ್ಲಿ ಹೋಗುವುದು, ನಡುವೆ ಒಂದು ಕಡಲೂರಿನಲ್ಲಿ ಎರಡು ದಿನ ತಂಗುವುದು ಎಂದು ನಿಶ್ಚಯವಾಯಿತು. ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಇದನ್ನು ಓದುವ ನಿಮ್ಮ ಅಳಿಯನೋ ಮೈದುನನೋ ಅಲ್ಲೊಂದು ಮನೆ ಕೊಳ್ಳುತ್ತಾನೆ. ರಘು ಓದಲು ಹೋಗಿದ್ದ ಕಾಲದಲ್ಲಿ ಅದು ಕೈಯಲ್ಲಿ ಕಾಸಿಲ್ಲದವರ ಊರಂತೆ. ಲಾರಿ ಓಡಿಸುವವರು, ಫ್ಯಾಕ್ಟರಿಯವರು, ವಿದ್ಯಾರ್ಥಿಗಳು ಹೋಗುತ್ತಿದ್ದರಂತೆ. "ಐದು ಜನ ಒಂದೇ ಟೆಂಟಲ್ಲಿ ಮಲಗ್ತಿದ್ವಿ ಅಕ್ಕ. ಪೇಪರಲ್ಲಿ ಸುತ್ತಿದ ಬಿಸಿ ಬಿಸಿ ಚಿಪ್ಸು. ಆ ಮಜಾನೇ ಬೇರೆ!"

ಈ ಸಲ ಟೆಂಟಿಲ್ಲ. ಆ್ಯಪಿನಲ್ಲಿ ಒಂದು ಮನೆಯನ್ನೇ ಬುಕ್ ಮಾಡಿದ್ದ. ಅವನ ಹೆಂಡತಿ ದೀಪಾ ಹೊರಡುವ ಹಿಂದಿನ ದಿನ ಕುಕ್ಕರು, ಇಡ್ಲಿ ಪಾತ್ರೆ, ಅಕ್ಕಿ, ಹುಳಿಪುಡಿ, ಒಂದು ಡಬ್ಬ ಪುಳಿಯೋಗರೆ ಗೊಜ್ಜು, ಎರಡು ಡಬ್ಬ ಕೊಡುಬಳೆ ಎಲ್ಲ ಕಾರಿಗೆ ತುಂಬಿದಳು. ಬಟ್ಟೆಗೆ ಜಾಗ ಸಾಲದೆ ನನ್ನ ಸೂಟ್‌ಕೇಸು ನನ್ನ ತೊಡೆಯ ಮೇಲೇ ಪ್ರಯಾಣ ಮಾಡಿತು.

ಕಡಲೂರು, ಮೊದಲ ದಿನ

ಊರು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ನೀರು ನೀಲಿ, ಮರಳು ಬಿಳಿ. ಆದರೆ ಪೇಟೆಬೀದಿಯಲ್ಲಿ ಎಲ್ಲ ಅಂಗಡಿಯ ಮೇಲೂ ಲೋಕಲ್ ಎಂದು ಬರೆದಿತ್ತು. ಲೋಕಲ್ ಕಾಫಿ, ಲೋಕಲ್ ಸೋಪು, ಲೋಕಲ್ ಐಸ್‌ಕ್ರೀಂ. ಮಾರುವವರಲ್ಲಿ ಒಬ್ಬಳು ಕಠ್ಮಂಡುವಿನವಳು, ಒಬ್ಬ ಲೂಧಿಯಾನದವನು, ಇನ್ನೊಬ್ಬಳು ಬ್ರೆಜಿಲ್ಲಿನವಳು. ಮೀನುಗಾರರ ಹಳೆಯ ಶೆಡ್ಡು ಈಗ ಶೋರೂಮು. ಹರಿದ ಬಲೆಯನ್ನು ಗೋಡೆಗೆ ನೇತುಹಾಕುವ ಅಲಂಕಾರವೆಂದು ಮಾರುತ್ತಿದ್ದರು. ನಾನು ಮುಟ್ಟಿ ನೋಡಿದೆ, ಹೊಲಿಗೆ ಬಿಟ್ಟಿತ್ತು. ಪಕ್ಕದ ಹೋಟೆಲಿನಲ್ಲಿ ಮೀನು ಎಲ್ಲಿಯದು ಎಂದು ಅನಿಕಾಳಿಂದ ಕೇಳಿಸಿದೆ. ಹೊರದೇಶದಿಂದ ಐಸ್‌ಪೆಟ್ಟಿಗೆಯಲ್ಲಿ ಬರುತ್ತದಂತೆ.

ರಘು ತನ್ನ ಚಿಪ್ಸಿನ ಅಂಗಡಿ ಹುಡುಕುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಅಲೆದ. ಅದಿದ್ದ ಜಾಗದಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ ಸಲೂನಿತ್ತು. ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ನಿಟ್ಟುಸಿರು ಬಿಟ್ಟ.

"ಟೂರಿಸ್ಟ್‌ಗಳು ಬಂದು ಊರು ಹಾಳ್ಮಾಡಿಬಿಟ್ರು ಅಕ್ಕ."

"ನಾವ್ಯಾರೋ ಮತ್ತೆ?"

"ನಾವು ಬೇರೆ. ನಾವು ಹಳಬರು."

ಆ ಹಳಬ ಸಮುದ್ರಕ್ಕೆ ಜೀನ್ಸ್ ಪ್ಯಾಂಟು, ಶೂ ಹಾಕಿಕೊಂಡು ಬಂದಿದ್ದ. ಸುತ್ತ ಬಿಳಿಯರು ಮೈಗೆಲ್ಲ ಎಣ್ಣೆ ಸವರಿಕೊಂಡು ಬಿಸಿಲಿಗೆ ಒಣಗಿಬಿದ್ದಿದ್ದರು. ನಮ್ಮಲ್ಲಿ ಹಪ್ಪಳವನ್ನಾದರೂ ಮಧ್ಯೆ ಒಮ್ಮೆ ನೆರಳಿಗೆ ಎಳೆಯುತ್ತೇವೆ. ನಾವು ಮಾತ್ರ ಕೊಡೆ ಹಿಡಿದು, ಜಮಖಾನ ಹಾಸಿ, ಮದುವೆ ಮನೆಯ ಪಂಕ್ತಿಯಂತೆ ಸಾಲಾಗಿ ಕೂತೆವು. ದೀಪಾ ಕೊಡುಬಳೆ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಒಂದು ಕಡಲಹಕ್ಕಿ ಬಂದು ಅವಳ ಕೈಯಿಂದಲೇ ಒಂದನ್ನು ಕಿತ್ತುಕೊಂಡು ಹಾರಿತು. ಅದರ ಹಿಂದೆ ಅದರ ಇಡೀ ಸಂಸಾರ ಬಂತು. ದೀಪಾ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದಳು; ಆಗ ತಾನು ಹಾಕಿರುವುದು ಟೀಶರ್ಟು ಎಂಬುದು ನೆನಪಾಯಿತು. "ಅತ್ತೆ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದು ಅನಿಕಾ ಹತ್ತು ಮಾರು ದೂರ ಹೋಗಿ, ಬೇರೆ ಯಾರದೋ ಮನೆಯ ಮಗುವಿನ ಹಾಗೆ ನಿಂತಳು.

ಬುಕ್ ಮಾಡಿದ ಮನೆಗೆ ಬೀಗದ ಕೈ ಕೊಡುವ ಮನುಷ್ಯರಿಲ್ಲ. ಬಾಗಿಲ ಪಕ್ಕ ಒಂದು ಪುಟ್ಟ ಪೆಟ್ಟಿಗೆ, ನಂಬರು ಒತ್ತಿದರೆ ಕೀಲಿ ಸಿಗುತ್ತದೆ. ಬಾ ಎನ್ನುವವರಿಲ್ಲ, ಆದರೆ ಬೇಡ ಎನ್ನುವ ಹಾಳೆಗಳು ಗೋಡೆಯ ತುಂಬ ಇದ್ದವು. ಮರಳಿನ ಕಾಲು ಬೇಡ, ಜೋರು ದನಿ ಬೇಡ, ಗಾಢ ವಾಸನೆಯ ಅಡುಗೆ ಬೇಡ. ದೀಪಾ ಕೊನೆಯದನ್ನು ಓದಿ, "ಇದು ನಮಗೇ ಬರೆದಿರೋದು" ಎಂದು ಹಲ್ಲು ಕಚ್ಚಿದಳು. ಆಮೇಲೆ ಕುರ್ಚಿ ಹತ್ತಿ, ಬಚ್ಚಲಲ್ಲಿ ಇಟ್ಟಿದ್ದ ಸ್ನಾನದ ಪ್ಲಾಸ್ಟಿಕ್ ತಲೆಟೊಪ್ಪಿಗೆಯನ್ನು ಚಾವಣಿಯ ಹೊಗೆ ಅಲಾರಮ್ಮಿಗೆ ತೊಡಿಸಿದಳು. ಅಲ್ಲಿನ ಕನ್ನಡಿಗರು ಒಗ್ಗರಣೆಗೆ ಮುಂಚೆ ಮಾಡುವ ಪೂಜೆ ಇದೊಂದೇ. ಇಂಥ ಮನೆಗೆ ಹೋದಾಗಲೆಲ್ಲ ಎಲ್ಲರೂ ಹೀಗೇ ಮಾಡುತ್ತಾರಂತೆ.

ಕಸ ಹಾಕಲು ಹಿತ್ತಿಲಿಗೆ ಹೋದ ದೀಪಾ ಕಿಟಾರನೆ ಕಿರುಚಿದಳು. ಹಾವೋ ಏನೋ ಎಂದು ನಾನು ಪೊರಕೆ ಹಿಡಿದು ಓಡಿದೆ. ಗೋಡೆಯ ಮರೆಯಲ್ಲಿ ಅರ್ಧ ಡ್ರಮ್ಮಿನಲ್ಲಿ ಎದೆಯೆತ್ತರದ ಕರಿಬೇವಿನ ಗಿಡ!

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮೂರಲ್ಲಿ ಕೊತ್ತಂಬರಿ ಕೊಂಡರೆ ಕೊಸರಿಗೆ ಬರುವ ಸೊಪ್ಪು ಅದು. ಅಲ್ಲಿ ಅದಕ್ಕೆ ಬಂಗಾರದ ಬೆಲೆ. ಚಳಿಗೆ ಗಿಡ ಬದುಕುವುದಿಲ್ಲ. ಬದುಕಿಸಿಕೊಂಡವರು ಯಾರಿಗೂ ಹೇಳುವುದಿಲ್ಲ. ಯಾರದೋ ಹಿತ್ತಿಲಲ್ಲಿ ಇದೆಯೆಂದು ಗೊತ್ತಾದರೆ ಅವರ ಸ್ನೇಹ ಬೆಳೆಸುತ್ತಾರೆ.

"ಬಿಳಿಯರ ಮನೇಲಿ ಸುಮ್ನೆ ದಂಡಕ್ಕೆ ಬೆಳೀತಿದೆ. ಅವ್ರಿಗೆ ಇದೇನು ಅಂತಾನೂ ಗೊತ್ತಿರಲ್ಲ" ಎಂದು ದೀಪಾ ಕತ್ತರಿ ತಂದಳು. ಒಗ್ಗರಣೆಗೆ ಒಂದೆಸಳು ಎಂದು ಶುರುವಾದದ್ದು ಫ್ರೀಜರಿಗೆ ಒಂದು ಚೀಲ, ಮೆಲ್ಬರ್ನಿನ ಸ್ನೇಹಿತರಿಗೆ ಒಂದು ಚೀಲ, ಪಕ್ಕದ್ಮನೆ ಆಂಟಿಗೆ ಇನ್ನೊಂದು ಎಂದು ಬೆಳೆಯಿತು. ನಾನೂ ಕೊಂಬೆ ಬಗ್ಗಿಸಿ ಹಿಡಿದೆ. ಕೊನೆಗೆ ಡ್ರಮ್ಮಿನಲ್ಲಿ ನಾಲ್ಕು ಕಡ್ಡಿ ಉಳಿದವು.

ಅದೇ ಊರು, ಮಾರನೆಯ ದಿನ

ಬೆಳಿಗ್ಗೆ ಇಡ್ಲಿ ಬೇಯುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಕಪ್ಪು ಟೀಶರ್ಟಿನ, ಜಡೆ ಬಿಗಿದು ಕಟ್ಟಿದ ಹೆಣ್ಣುಮಗಳೊಬ್ಬಳು ಟವೆಲ್ಲಿನ ಗಂಟು ಹಿಡಿದು ನಿಂತಿದ್ದಳು. ತಾನು ಕ್ಲೀನರ್, ಟವೆಲ್ ಬದಲಾಯಿಸಲು ಬಂದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ದೀಪಾ ಆಸ್ಟ್ರೇಲಿಯಾದ ರಾಗದಲ್ಲಿ ಮೂಗಿನಿಂದ ಥ್ಯಾಂಕ್ಯೂ ಹೇಳಿ, ಅಲ್ಲಿಡು ಎಂದು ಬೆರಳು ತೋರಿದಳು. ಆ ಹುಡುಗಿ ಒಳಗೆ ಬಂದು, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಕರಿಬೇವಿನ ಚೀಲಗಳನ್ನು ನೋಡಿದಳು. ಕೈಯಲ್ಲಿದ್ದುದನ್ನು ಕೆಳಗಿಟ್ಟು ಹಿತ್ತಿಲಿಗೆ ಓಡಿದಳು.

"ಅಯ್ಯೋ ನಮ್ಮವ್ವ! ಪೂರಾ ಬೋಳಿಸಿಬಿಟ್ಟೀರಲ್ರಿ!"

ಕನ್ನಡ. ಅದೂ ರಾಣೆಬೆನ್ನೂರಿನ ಕನ್ನಡ. ದೀಪಾಳ ಮುಖ ಇಷ್ಟೇ ಇಷ್ಟಾಯಿತು. ನನಗೂ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಅವಳ ಹೆಸರು ವನಿತಾ. ಗಿಡ ಅವಳದು. ಈ ಮನೆಯಲ್ಲೇ ಅವಳೂ ಗಂಡ ಮಂಜುವೂ ಬಾಡಿಗೆಗಿದ್ದರು. "ಥಂಡಿ ದಿನದಾಗ ನನ್ನ ಶಾಲು ಹೊದಿಸಿ ಉಳಿಸೀನ್ರಿ ಅದನ್ನ. ಹೋದ ವರ್ಷ ಮಾಲಕರು ಮನಿ ಬಿಡ್ರಿ ಅಂದ್ರು. ಟೂರಿಸ್ಟರಿಗೆ ಕೊಟ್ರ ಹೆಚ್ಚು ಬರ್ತೈತಂತ. ಈಗ ಕ್ಯಾರವಾನ್ ಪಾರ್ಕಿನ್ಯಾಗ, ಗಾಲಿ ಮನ್ಯಾಗ ಅದೀವಿ, ಅಲ್ಲಿ ಕುಂಡ ಇಡಾಕ ಬಿಡಂಗಿಲ್ಲ, ಅದಕ್ಕ ಇಲ್ಲೇ ಬಿಟ್ಟು, ಕ್ಲೀನ್ ಮಾಡಾಕ ಬಂದಾಗ ನೀರು ಹಾಕ್ತೀನಿ."

ನಾವು ಬಾಯಿತುಂಬ ಕ್ಷಮೆ ಕೇಳಿ ಕೂರಿಸಿದೆವು. ಕೂರುವುದೋ ಬೇಡವೋ ಎಂದು ಅವಳು ಅನುಮಾನಿಸಿದಳು. ದೀಪಾ ಕಾಫಿಗೆ ಲೋಟ ಹುಡುಕುತ್ತಿದ್ದರೆ, ಕೂತಲ್ಲಿಂದಲೇ "ಮ್ಯಾಲಿನ ಕಪಾಟಿನ್ಯಾಗ, ಎಡಕ್ಕ" ಎಂದು ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡಳು. ಅದೇ ಅಡುಗೆಮನೆಯಲ್ಲಿ ಅವಳು ಮೂರು ವರ್ಷ ರೊಟ್ಟಿ ಬಡಿದಿದ್ದಳು.

ಅವರ ಪಾಡನ್ನು ಅವಳು ಅಳದೆ ಹೇಳಿದಳು. ಅವರದು ರೀಜನಲ್ ವೀಸಾ. ದೊಡ್ಡ ನಗರಗಳನ್ನು ಬಿಟ್ಟು ಇಂಥ ಸಣ್ಣ ಊರುಗಳಲ್ಲಿ ಕೆಲವು ವರ್ಷ ಕೆಲಸ ಮಾಡಿಕೊಂಡು ವಾಸವಿದ್ದರೆ ಆಮೇಲೆ ಪಿಆರ್, ಅಂದರೆ ಕಾಯಮ್ಮಾಗಿ ನೆಲೆಸುವ ಅನುಮತಿ. ಇನ್ನೊಂದು ವರ್ಷ ಬಾಕಿ. ಮಂಜುವಿಗೆ ಇಲ್ಲಿನ ಹೋಟೆಲಿನಲ್ಲಿ ಅಡುಗೆಯ ಕೆಲಸ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮನುಷ್ಯ ದಿನವಿಡೀ ಸೀಗಡಿ ಸುಲಿಯುತ್ತಾನಂತೆ. ಕೆಲಸವಿದೆ, ಇರಲು ಮನೆಯಿಲ್ಲ. ಊರಿನ ಮನೆಗಳೆಲ್ಲ ನಮ್ಮಂಥವರು ಎರಡು ದಿನ ಬಂದು ಇಡ್ಲಿ ಬೇಯಿಸುವುದಕ್ಕೆ ಮೀಸಲು. ಕ್ಯಾರವಾನ್ ಪಾರ್ಕೂ ಈಸ್ಟರ್ ಮುಗಿದ ಮೇಲೆ ಮುಚ್ಚುತ್ತದೆ. ಅಲ್ಲಿ ಮಂಚ, ದೀಪ, ಸೋಫಾ ಇರುವ ದುಬಾರಿ ಟೆಂಟುಗಳು ಬರುತ್ತವಂತೆ.

"ಇದ ಊರಾಗ ಇನ್ನೊಂದು ವರ್ಷ ಒಂದು ವಿಳಾಸ ಸಿಕ್ರ ಸಾಕ್ರಿ ಅಕ್ಕಾರ. ಇಲ್ಲಾಂದ್ರ ಇವರ ಕೆಲಸ ಹೋಗ್ತೈತಿ, ವೀಸಾನೂ ಹೋಗ್ತೈತಿ, ಗಂಟುಮೂಟಿ ಕಟ್ಟೂದ" ಎಂದಳು. "ಈ ಮನಿನೂ ಮಾರಾಕ ಇಟ್ಟಾರ. ಯಾರು ತಗೋತಾರೋ, ನನ್ನ ಕ್ಲೀನಿಂಗ್ ಕೆಲಸ ಇರ್ತೈತೋ ಇಲ್ಲೋ."

ಅಷ್ಟುಹೊತ್ತು ಫೋನಿನಲ್ಲಿ ಮುಳುಗಿದ್ದ ರಘು ಮಾರಾಕ ಎಂಬ ಮಾತಿಗೆ ತಲೆಯೆತ್ತಿದ. "ಹೌದಾ? ಇದೇ ಮನೇನಾ?" ಎಂದು ಗೋಡೆ ತಟ್ಟಿದ, ಕಿಟಕಿ ಎಳೆದು ನೋಡಿದ. ಆಮೇಲೆ ಬಹಳ ಮೆತ್ತಗೆ, "ನೀವೇನೂ ಟೆನ್ಷನ್ ಮಾಡ್ಕೋಬೇಡಿ. ಏನಾದ್ರೂ ಮಾಡೋಣ. ನಮ್ ಕನ್ನಡದವರು ನೀವು" ಎಂದ.

ಅವಳ ಕಣ್ಣು ಆಗ ತುಂಬಿತು. ನನಗಂತೂ ತಮ್ಮನ ಮೇಲೆ ಹೆಮ್ಮೆ ಉಕ್ಕಿ ಬಂತು. ಇಷ್ಟು ದಿನ ಸುಮ್ಮನೆ ಗೇಲಿ ಮಾಡಿದೆನಲ್ಲ ಎಂದುಕೊಂಡೆ. ಅವಳು ನನ್ನ ಫೋನ್ ನಂಬರ್ ತೆಗೆದುಕೊಂಡು ಹೋದಳು. ಹೋಗುವಾಗ ಒಂದು ಚೀಲ ಕರಿಬೇವನ್ನು ಅವಳಿಗೇ ಕೊಟ್ಟೆವು. ಅವಳ ಗಿಡದ್ದನ್ನೇ ಅವಳಿಗೆ ದಾನ ಮಾಡಿದ ದೊಡ್ಡ ಮನಸ್ಸು ನಮ್ಮದು.

ಮೆಲ್ಬರ್ನ್

ಮೆಲ್ಬರ್ನಿನಲ್ಲಿ ಟ್ರಾಮು ಇದೆಯಂತೆ, ಹೂದೋಟವಿದೆಯಂತೆ, ಒಂದೇ ದಿನದಲ್ಲಿ ಬಿಸಿಲು, ಮಳೆ, ಚಳಿ ಎಲ್ಲ ಬರುತ್ತದಂತೆ. ಹವಾಮಾನ ಮಾತ್ರ ಖಾತ್ರಿಯಾಯಿತು. ಉಳಿದದ್ದು ನೋಡಲು ಬಿಡುವಾಗಲಿಲ್ಲ, ಏಕೆಂದರೆ ರಘುವಿನ ಗೆಳೆಯ ಪ್ರಸಾದನ ಮನೆಯ ಊಟದ ಮೇಜಿನಿಂದ ನಾವು ಏಳಲೇ ಇಲ್ಲ. ಪ್ರಸಾದನಿಗೆ ಮೂರು ಮನೆ. ಇರುವುದು ಒಂದರಲ್ಲಿ, ಉಳಿದೆರಡರ ವಿಷಯವನ್ನು ಜನ ಮಕ್ಕಳ ರ್‍ಯಾಂಕಿನ ಬಗ್ಗೆ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದ.

ಇಬ್ಬರೂ ಲ್ಯಾಪ್‌ಟಾಪ್ ತೆರೆದು ಆ ಕಡಲೂರಿನ ಮನೆಯ ಜಾತಕ ಬಿಡಿಸಿದರು. ಸಾಲ, ಬಡ್ಡಿ, ತೆರಿಗೆ. ನನಗೆ ತಿಳಿದದ್ದು ಇಷ್ಟು: ಬಾಡಿಗೆ ಮನೆಯಲ್ಲಿ ನಷ್ಟ ತೋರಿಸಿದರೆ ಸರ್ಕಾರವೇ ತೆರಿಗೆ ಇಳಿಸಿ ಬೆನ್ನು ತಟ್ಟುತ್ತದೆ. ನಷ್ಟಕ್ಕೂ ಇಷ್ಟು ಸಂಭ್ರಮಪಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಷ್ಟರಲ್ಲಿ ವನಿತಾಳ ಮೆಸೇಜು ಬಂತು. "ಅಕ್ಕಾರ, ಏನರ ಆತೇನ್ರಿ? ಪಾರ್ಕಿನವರು ನೋಟಿಸು ಹಚ್ಚ್ಯಾರ." ನಾನು ಫೋನನ್ನು ರಘುವಿನ ಮೂಗಿನ ಕೆಳಗೆ ಹಿಡಿದೆ. "ತಗೊಳ್ಳೋ ಹಾಗಿದ್ರೆ ತಗೊಂಡುಬಿಡೋ. ಆ ಮಕ್ಕಳಿಗೆ ಬಾಡಿಗೆಗೆ ಕೊಡು. ಪುಣ್ಯ ಬರುತ್ತೆ."

"ಅದೇ ಯೋಚನೆ ಅಕ್ಕ. ಅವ್ರನ್ನ ಬಿಡಲ್ಲ ನಾನು. ಆ ಮನೇಲಿ ಅವ್ರು ಇದ್ದೇ ಇರ್ತಾರೆ" ಎಂದ.

ನಾನು ಆಗಲೇ ವನಿತಾಳಿಗೆ ಫೋನು ಮಾಡಿದೆ. "ಮನೆ ಸಿಕ್ಕಿತು ಕಣಮ್ಮ" ಎಂದುಬಿಟ್ಟೆ. ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿತು.

ಮತ್ತೆ ಕಡಲೂರು

ಕಾಗದಪತ್ರ ಮುಗಿದು ಮನೆ ರಘುವಿನ ಹೆಸರಿಗೆ ಬರುವ ಹೊತ್ತಿಗೆ ನಾನು ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಇನ್ವೆಸ್ಟ್‌ಮೆಂಟ್ ಆದರೇನು, ಗೃಹಪ್ರವೇಶ ಆಗಬೇಡವೇ? ಒಂದು ಭಾನುವಾರ ಕಾರು ತುಂಬ ಹೋಳಿಗೆ, ಕೋಸಂಬರಿ, ಗಣಪತಿ ವಿಗ್ರಹ ಹೇರಿಕೊಂಡು ಹೋದೆವು. ಪುರೋಹಿತರು ಸಿಡ್ನಿಯ ಬ್ಲ್ಯಾಕ್‌ಟೌನಿನ ತಮ್ಮ ಮನೆಯಿಂದಲೇ ವಿಡಿಯೋದಲ್ಲಿ ಮಂತ್ರ ಹೇಳಿದರು. ಸಂಕಲ್ಪಕ್ಕೆ ಬಂದಾಗ ಮಂತ್ರ ನಿಲ್ಲಿಸಿ, "ಸಬರ್ಬ್ ಯಾವುದು?" ಎಂದು ಕೇಳಿಕೊಂಡು, ಜಂಬೂದ್ವೀಪವನ್ನು ಅಲ್ಲೇ ಬಿಟ್ಟು ಕಾಂಗರೂ ದೇಶಕ್ಕೆ ಹಾರಿದರು.

ವನಿತಾ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಹೊಸ್ತಿಲಿಗೆ ಅವಳೇ ರಂಗೋಲಿ ಹಾಕಿದ್ದಳು. ಹಾಲುಕ್ಕಿಸುವಾಗ ಒಂದು ಫಜೀತಿಯಾಯಿತು. ಆ ಕರೆಂಟ್ ಒಲೆ, ಹಾಲು ಉಕ್ಕಿ ಒಂದು ಹನಿ ಮೇಲೆ ಬಿದ್ದರೂ ಕೀಂಯ್ ಎಂದು ತಾನಾಗೇ ಆರುತ್ತದೆ. ದೀಪಾ ಎರಡು ಸಲ ಸೋತಳು. ವನಿತಾ ಮುಂದೆ ಬಂದು, ಚೆಲ್ಲುವ ಕಡೆಗೊಂದು ತಟ್ಟೆ ಇಟ್ಟು, ಪಾತ್ರೆಯನ್ನು ಓರೆ ಮಾಡಿ ಹಿಡಿದಳು. ಹಾಲು ಪೂರ್ವಕ್ಕೆ ಚೆಲ್ಲಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆ ಅವಳಿಗೆ ಒಲಿದಿದೆ ಎಂದುಕೊಂಡೆ.

"ಯಾವ ರೂಮಲ್ಲಿ ಮಲಗ್ತೀಯಮ್ಮ? ಸಮುದ್ರ ಕಾಣೋದ್ರಲ್ಲಾ?" ಎಂದು ಕೇಳಿದೆ.

ಅವಳು ರಘುವಿನ ಮುಖ ನೋಡಿದಳು. ರಘು ಗಣಪತಿಯ ಮುಖ ನೋಡಿದ.

"ಅಕ್ಕ, ಮನೆ ಗೆಸ್ಟ್‌ಗಳಿಗೆ. ಇವ್ರಿಗೆ ಗ್ಯಾರೇಜು ಕೊಟ್ಟಿದ್ದೀನಿ. ಪೂರ್ತಿ ಮನೆ ಇವ್ರಿಗೆ ಕೊಟ್ರೆ ಮಾರ್ಟ್‌ಗೇಜ್ ಯಾರು ಕಟ್ತಾರೆ ಹೇಳು, ನಂಬರ್ಸ್ ವರ್ಕ್ ಆಗಲ್ಲ. ಕ್ಲೀನಿಂಗೂ ಇವ್ರೇ, ಗೆಸ್ಟ್ ನೋಡ್ಕೊಳ್ಳೋದೂ ಇವ್ರೇ. ಎಲ್ರಿಗೂ ವಿನ್ ವಿನ್."

ಹೋಗಿ ನೋಡಿದೆ. ಕಾರು ನಿಲ್ಲಿಸುವ ಜಾಗ. ಕಿಟಕಿಯಿಲ್ಲ. ಷಟರಿನ ಬಾಗಿಲು, ನೆಲಕ್ಕೆ ಸಿಮೆಂಟು, ಒಂದು ಮೂಲೆಯಲ್ಲಿ ಮಂಚ, ಇನ್ನೊಂದರಲ್ಲಿ ಗೆಸ್ಟುಗಳ ಸರ್ಫಿಂಗ್ ಹಲಗೆಗಳು. ಬಚ್ಚಲಿಗೆ ಹಿತ್ತಿಲ ಶೆಡ್ಡಿಗೆ ಹೋಗಬೇಕು. ಮಂಜು ಗೋಡೆಗೆ ಮೊಳೆ ಹೊಡೆಯುತ್ತಿದ್ದವನು ನನ್ನನ್ನು ಕಂಡು ನಗುತ್ತ, "ಬರ್ರಿ ಅಕ್ಕಾರ, ಕುಂದರ್ರಿ" ಎಂದ. ಕೂರಲು ಕುರ್ಚಿಯಿರಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಒಡಹುಟ್ಟಿದವನು, ಐದು ಜನ ಒಂದೇ ಟೆಂಟಿನಲ್ಲಿ ಮಲಗುತ್ತಿದ್ದೆವು ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವನು! ಇವತ್ತು ಇವನ ಚಳಿ ಬಿಡಿಸುತ್ತೇನೆ, ಪ್ರಸಾದ ವಿನಿಯೋಗದ ಹೊತ್ತಿಗೇ ಬಿಡಿಸುತ್ತೇನೆ, ಪುರೋಹಿತರೂ ವಿಡಿಯೋದಲ್ಲಿ ಕೇಳಿಸಿಕೊಳ್ಳಲಿ ಎಂದು ಸೆರಗು ಸಿಕ್ಕಿಸಿಕೊಂಡು ತಿರುಗಿದೆ. ವನಿತಾ ಹಿಂದೆಯೇ ನಿಂತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾರ, ನಿಮ್ಮ ತಮ್ಮಗ ಬೈಬ್ಯಾಡ್ರಿ. ವಿಳಾಸ ಸಿಕ್ಕೈತ್ರಿ, ಬಾಗಲ ನಂಬರು ಸೈತ ನಾವು ಮೊದಲ ಇದ್ದದ್ದ ಐತಿ. ನಮಗ ಒಂದು ವರ್ಷದ ಮಾತು."

"ಇದು ಮನೇನಾ ವನಿತಾ?"

"ನೀವು ಬೈದು, ಅವರಿಗೆ ಸಿಟ್ಟು ಬಂದು, ಇದೂ ಬ್ಯಾಡ ಅಂದ್ರ ನಾವೆಲ್ಲಿ ಹೋಗೂಣು? ನಿಮ್ಮ ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಗ್ಗಿದಳು. ನಾನು ಅವಳನ್ನು ಎತ್ತಿದೆ. ಒಳಗಿನಿಂದ ರಘು ಕೂಗಿದ, ಮಧ್ಯಾಹ್ನಕ್ಕೇ ಮೊದಲ ಗೆಸ್ಟುಗಳು ಬರುತ್ತಾರೆ, ಬೇಗ ಊಟ ಮುಗಿಸಬೇಕು, ರಂಗೋಲಿ ಒರೆಸಿಬಿಡಬೇಕು, ಯಾರಾದರೂ ಜಾರಿದರೆ ರಿವ್ಯೂ ಹಾಳಾಗುತ್ತದೆ. ವನಿತಾ ಗ್ಯಾರೇಜಿನೊಳಗೆ ಹೋಗಿ, ಸೀರೆ ಬಿಚ್ಚಿಟ್ಟು, ಕಪ್ಪು ಟೀಶರ್ಟು ಹಾಕಿಕೊಂಡು, ಬಕೆಟ್ಟು ಬಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು.

ನಾನು ಅವಳನ್ನು ದಾಟಿಕೊಂಡು ಒಳಗೆ ಹೋಗಿ ಎಲೆಯ ಮುಂದೆ ಕೂತೆ. ರಘು ನನ್ನ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿದ.

"ಹೆಂಗಿದೆ ಅಕ್ಕ ಮನೆ?"

ಹೊಸ್ತಿಲಲ್ಲಿ ಬಟ್ಟೆ ಹಿಂಡುವ ಸದ್ದು ನಿಂತಿತು.

"ಚೆನ್ನಾಗಿದೆ ಕಣೋ" ಎಂದೆ.